ಎಲೈಸಾದಲ್ಲಿ ಗೆರೆ ನೆಟ್ಟಗಿರಲ್ಲ

ನೆನ್ನೆ ಸಂಜೆ ಲ್ಯಾಬಿಗೆ ಹೊಸದಾಗಿ ಸೇರಿರೋ ಹುಡುಗಿ ಲ್ಯಾಪ್‌ಟಾಪ್ ಹಿಡ್ಕೊಂಡು ಬಂದ್ಲು. "ಅಕ್ಕಾ, ಆರ್ ಸ್ಕ್ವೇರ್ 0.97 ಬಂದಿದೆ, ಆದ್ರೂ ನಾಲ್ಕು ಸ್ಯಾಂಪಲ್‌ಗೆ ಮೈನಸ್ ವ್ಯಾಲ್ಯೂ ಬರ್ತಿದೆ, ಸೊನ್ನೆ ಅಂತ ಹಾಕ್ಬಿಡ್ಲಾ?" ಬೇಡಮ್ಮ, ಕೂತ್ಕೋ ಅಂದೆ. (ಆರ್ ಸ್ಕ್ವೇರ್ ಅಂದ್ರೆ ಎಳೆದ ಗೆರೆ ಪಾಯಿಂಟುಗಳಿಗೆ ಎಷ್ಟು ಹೊಂದುತ್ತೆ ಅನ್ನೋ ಅಳತೆ, 1 ಬಂದ್ರೆ ಪೂರ್ತಿ ಹೊಂದಿದೆ ಅಂತ.) ಮೊದಲ ವರ್ಷದಲ್ಲಿ ನಾನೂ ಇದೇ ಮಾಡಿ ಒಂದಿಡೀ ಸೆಟ್ ಡೇಟಾ ಮತ್ತೆ ಲೆಕ್ಕ ಹಾಕಬೇಕಾಗಿ ಬಂದಿತ್ತು, ಅದಕ್ಕೇ ಇದನ್ನ ಬರೀತಿದೀನಿ.

ಅವಳದ್ದು ಐಎಲ್-6 ಸ್ಯಾಂಡ್‌ವಿಚ್ ಎಲೈಸಾ, ಅಂದ್ರೆ ಐಎಲ್-6 ಅನ್ನೋ ಪ್ರೋಟೀನನ್ನ ಎರಡು ಆಂಟಿಬಾಡಿ ಮಧ್ಯೆ ಹಿಡಿದು, ಬರೋ ಬಣ್ಣದಿಂದ ಅದು ಎಷ್ಟಿದೆ ಅಂತ ಅಳೆಯೋ ಟೆಸ್ಟು. ಐಎಲ್-6 ಎಷ್ಟಿದೆ ಅಂತ ಮೊದಲೇ ಗೊತ್ತಿರೋ ಸ್ಟ್ಯಾಂಡರ್ಡ್ ಮಿಲಿಗೆ 500 ಪಿಕೋಗ್ರಾಂನಿಂದ ಶುರು, ಅರ್ಧರ್ಧ ಮಾಡ್ತಾ 7.8ರ ತನಕ ಏಳು ಟ್ಯೂಬು, ಆಮೇಲೆ ಐಎಲ್-6 ಇಲ್ಲದ ಬ್ಲ್ಯಾಂಕು. ಬ್ಲ್ಯಾಂಕ್ ಕಳೆದ ಮೇಲೆ 500ಕ್ಕೆ ಓಡಿ (ಬಣ್ಣ ಎಷ್ಟು ಗಾಢ ಅನ್ನೋ ರೀಡಿಂಗು) 2.60, 250ಕ್ಕೆ 1.72, 125ಕ್ಕೆ 1.02, ಹೀಗೇ ಇಳೀತಾ 7.8ಕ್ಕೆ 0.10. ಇಲ್ಲೇ ನೋಡಿ, 250ರಿಂದ 500ಕ್ಕೆ ಹೋದ್ರೆ ಸ್ಟ್ಯಾಂಡರ್ಡ್ ಡಬಲ್ ಆಯ್ತು, ಓಡಿ ಡಬಲ್ ಆಗ್ಲಿಲ್ಲ. ಪ್ಲೇಟ್ ತಳದಲ್ಲಿ ಕೋಟ್ ಆಗಿರೋ ಆಂಟಿಬಾಡಿ ಇಷ್ಟೇ ಅಂತ ಇರುತ್ತಲ್ಲ, ಅದು ತುಂಬ್ತಾ ಬಂದ ಹಾಗೆ ಕರ್ವ್ ಮೇಲ್ತುದೀಲಿ ಬಾಗಿ ಚಪ್ಪಟೆ ಆಗ್ತಾ ಹೋಗುತ್ತೆ. ಅವಳು ಎಕ್ಸೆಲ್‌ನಲ್ಲಿ ಅದರ ಮೇಲೆ ಸ್ಟ್ರೈಟ್ ಲೈನ್ ಎಳೆದಿದ್ಲು.

"ಈಗ ನಿನ್ನ ಸ್ಟ್ಯಾಂಡರ್ಡನ್ನೇ ಸ್ಯಾಂಪಲ್ ಅಂದ್ಕೊಂಡು ಅದೇ ಲೈನ್‌ನಲ್ಲಿ ಲೆಕ್ಕ ಹಾಕು" ಅಂದೆ. 31.25 ಇದ್ದದ್ದು 21 ಆಯ್ತು, 15.6 ಇದ್ದದ್ದು ಮೈನಸ್ 6, ಇನ್ನು 7.8 ಇದ್ದದ್ದು ಮೈನಸ್ 20! ಅವಳ ಮುಖ ಸಪ್ಪಗಾಯ್ತು. ಕಾಟಾ ಮೇಲೆ ಒಂದು ಕೆಜಿ ಕಲ್ಲಿಟ್ಟಾಗ ಮುಕ್ಕಾಲು ಕೆಜಿ ತೋರಿಸಿದ್ರೆ ಆ ಅಂಗಡೀಲಿ ತರಕಾರಿ ತಗೋತೀವಾ? ಆರ್ ಸ್ಕ್ವೇರ್ ದೊಡ್ಡ ನಂಬರ್‌ಗಳ ಮಾತನ್ನೇ ಜಾಸ್ತಿ ಕೇಳುತ್ತೆ, 500 ಮತ್ತು 250 ಸರಿಯಾಗಿ ಕೂತ್ರೆ ಕೆಳಗಿರೋರ ಗತಿ ಏನಾದ್ರೂ ಅದು 0.97 ತೋರಿಸ್ಬಿಡುತ್ತೆ, ಆದ್ರೆ ಆರೋಗ್ಯವಾಗಿರೋರ ಸೀರಮ್‌ನಲ್ಲಿ ಐಎಲ್-6 ಇರೋದು ಕೆಳಗಡೆ ತುದೀಲೇ. ಅವಳ ಒಂದು ಸ್ಯಾಂಪಲ್ ಓಡಿ 0.24, ಸ್ಟ್ರೈಟ್ ಲೈನ್‌ನಲ್ಲಿ ಅದು 7.6, ಸರಿಯಾದ ಕರ್ವ್‌ನಲ್ಲಿ ಹೆಚ್ಚುಕಮ್ಮಿ 23. ಮೂರು ಪಟ್ಟು ವ್ಯತ್ಯಾಸ!

ಸರಿಯಾದ ಕರ್ವ್ ಅಂದ್ರೆ ಫೋರ್ ಪಿಎಲ್, ಫೋರ್ ಪ್ಯಾರಾಮೀಟರ್ ಲಾಜಿಸ್ಟಿಕ್. ಕೆಳಗಿನ ಮಟ್ಟ, ಮೇಲಿನ ಮಟ್ಟ, ಎರಡರ ಮಧ್ಯದ ಪಾಯಿಂಟು, ಸ್ಲೋಪು, ಈ ನಾಲ್ಕು ಸೇರಿದ್ರೆ ಲಾಗ್ ಸ್ಕೇಲ್‌ನಲ್ಲಿ ಎಸ್ ಆಕಾರ ಬರುತ್ತೆ. ಎರಡು ತುದಿ ಒಂದೇ ಥರ ಬಾಗದಿದ್ರೆ ಇನ್ನೊಂದು ಪ್ಯಾರಾಮೀಟರ್ ಸೇರಿಸಿದ ಫೈವ್ ಪಿಎಲ್. ಪ್ಲೇಟ್ ರೀಡರ್ ಸಾಫ್ಟ್‌ವೇರ್‌ಗಳಲ್ಲಿ ಸಾಮಾನ್ಯವಾಗಿ ಇದು ಇದ್ದೇ ಇರುತ್ತೆ. ಯಾವ ಫಿಟ್ ಆದ್ರೂ ಸ್ಟ್ಯಾಂಡರ್ಡ್‌ಗಳು ವಾಪಸ್ ಲೆಕ್ಕದಲ್ಲಿ ಶೇಕಡ 80ರಿಂದ 120ರ ಒಳಗೆ ಬರ್ತಿದೆಯಾ ನೋಡಿ, ತೀರಾ ಕೆಳಗಿನದಕ್ಕೆ 75ರಿಂದ 125 ಅಂತ ಸ್ವಲ್ಪ ಸಡಿಲ ಬಿಡ್ತಾರೆ.

ಇನ್ನೊಂದು, ಆವರೇಜ್ ತೆಗೆಯೋ ಮುಂಚೆ ಒಂದೇ ಸ್ಯಾಂಪಲ್ ಹಾಕಿದ ಎರಡು ಗುಂಡಿಗಳನ್ನ, ಅಂದ್ರೆ ಡೂಪ್ಲಿಕೇಟ್ ವೆಲ್‌ಗಳನ್ನ ಕಣ್ಣಲ್ಲಿ ನೋಡಿ. ಅವಳ ಒಂದು ಜೋಡಿ 1.04 ಮತ್ತು 0.61 ಇತ್ತು, ಆವರೇಜ್ ಮಾಡಿದ್ರೆ 0.83 ಅಂತ ಮರ್ಯಾದಸ್ಥ ನಂಬರ್ ಬರುತ್ತೆ, ಆದ್ರೆ ಆ ನಂಬರ್ ಯಾವ ವೆಲ್‌ನಲ್ಲೂ ಇಲ್ಲ. ಬಣ್ಣದ ರಿಯಾಕ್ಷನ್ ನಿಲ್ಲಿಸೋ ಸ್ಟಾಪ್ ಸೊಲ್ಯೂಷನ್ ಬಿದ್ದು ನೀಲಿ ಹಳದಿಗೆ ತಿರುಗಿದಾಗ್ಲೇ ಆ ಎರಡು ವೆಲ್ ಪಕ್ಕಪಕ್ಕದಲ್ಲಿ ಒಂದು ಅರಿಶಿನದ ನೀರಿನ ಥರ, ಇನ್ನೊಂದು ನಿಂಬೆ ಶರಬತ್ತಿನ ಥರ ಕಾಣ್ತಿತ್ತಂತೆ. ಹಂಗೆ ಕಂಡಿದ್ದನ್ನ ನೋಟ್‌ಬುಕ್‌ನಲ್ಲಿ ಬರೆದಿಡಿ, ದಯವಿಟ್ಟು.

ಫೋರ್ ಪಿಎಲ್ ಹಾಕಿದ ಮೇಲೆ ಮೈನಸ್ ಬಂದಿದ್ದ ನಾಲ್ಕರಲ್ಲಿ ಎರಡಕ್ಕೆ ಸರಿಯಾದ ವ್ಯಾಲ್ಯೂ ಸಿಕ್ತು, ಇನ್ನೆರಡರ ಓಡಿ ಕೊನೇ ಸ್ಟ್ಯಾಂಡರ್ಡ್‌ಗಿಂತ ಕೆಳಗಿತ್ತು, ಅವಕ್ಕೆ ಸೊನ್ನೆ ಹಾಕದೆ "7.8ಕ್ಕಿಂತ ಕಡಿಮೆ" ಅಂತ ಬರೆಸಿದೆ. 500ರ ಓಡಿಯನ್ನೂ ದಾಟಿದ್ದ ಒಂದು ಸ್ಯಾಂಪಲ್‌ಗೆ ಸಾಫ್ಟ್‌ವೇರ್ ಕರ್ವನ್ನ 500ರ ಆಚೆಗೂ ಎಳೆದು 640 ಅಂತ ಕೊಟ್ಟಿತ್ತು, ಅದನ್ನ ತೆಗೆಸಿದೆ. ನಾಳೆ ಅದನ್ನ ಹತ್ತು ಪಟ್ಟು ಡೈಲ್ಯೂಟ್ ಮಾಡಿ ಮತ್ತೆ ಹಾಕ್ತಾಳೆ, ಬಂದ ಉತ್ತರಾನ 10ರಿಂದ ಗುಣಿಸಬೇಕು ಅಂತ ಟ್ಯೂಬಿನ ಮೇಲೇ ಈಗ್ಲೇ ಬರೆದಿಟ್ಟಿದಾಳೆ.