ನಾವು ಆಡಿದ್ದಕ್ಕೆ ಕಥೆ ಬದಲಾಗುತ್ತಾ?

ಕುವೆಂಪುನಗರದ ನಮ್ಮ ಮಹಡಿಯಲ್ಲಿ ಭಾನುವಾರದ ರೋಲ್‌ಪ್ಲೇಯಿಂಗ್ ಆಟ, ಅಂದರೆ ಮೇಜಿನ ಸುತ್ತ ಕೂತು ಒಂದೊಂದು ಪಾತ್ರ ವಹಿಸಿ ಕಥೆ ನಡೆಸುವ ಆಟ, ನೋಡಿ ಹೋದವರೆಲ್ಲ ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ: 'ಇದೇ ಕಥೇನ ಅಮೆರಿಕದಲ್ಲೂ ಆಡ್ತಾರೆ, ಜರ್ಮನಿಯಲ್ಲೂ ಆಡ್ತಾರೆ ಅಂತೀರಿ. ಮೈಸೂರಲ್ಲಿ ಐದು ಜನ ಕೂತು ಏನು ತೀರ್ಮಾನ ಮಾಡಿದರೇನು, ಕಥೆ ಬದಲಾಗುತ್ತಾ?'

ಹೋದ ತಿಂಗಳು ಮಂಡ್ಯ ಕಡೆಯಿಂದ ಬಂದಿದ್ದ ಸೋದರಮಾವನೂ ಇದನ್ನೇ ಕೇಳಿದರು. ಅವರು ಊರ ಕುರುಕ್ಷೇತ್ರ ನಾಟಕದಲ್ಲಿ ದುಡ್ಡು ಕಟ್ಟಿ ದುರ್ಯೋಧನನ ಪಾರ್ಟು ಮಾಡಿದವರು. 'ನೀವು ಚೆನ್ನಾಗಿ ಮಾಡಿದ್ದಕ್ಕೆ ದುರ್ಯೋಧನ ಗೆದ್ದನಾ ಮಾವ?' ಅಂದೆ. 'ಎಷ್ಟ್ ಚೆಂದಾಗಿ ಕಂದ ಯೇಳುದ್ರೂವೆ ತೊಡೆ ಮುರಿಯೋದ್ ತಪ್ಪಕ್ಕಿಲ್ಲ ಕನ್ಲಾ' ಅಂದರು.

ಹಾಗಿದ್ದರೆ ಹೀಗೆ ಅಂದುಕೊಳ್ಳಿ ಎಂದೆ. ಜಿಲ್ಲೆಯ ಊರೂರಲ್ಲೂ ಈ ವರ್ಷ ಕುರುಕ್ಷೇತ್ರ. ಕೃಷ್ಣ ಬಂದು ಕರ್ಣನನ್ನು ಪಾಂಡವರ ಕಡೆ ಕರೆಯುವ ಸೀನಿನಲ್ಲಿ ಮಾತ್ರ ಮಾತು ಬರೆದಿಲ್ಲ. ಹೋಗುವುದೋ ಬಿಡುವುದೋ ಪಾರ್ಟು ಮಾಡುವವನಿಗೆ ಬಿಟ್ಟದ್ದು. ನಾಟಕ ಮುಗಿದ ಮೇಲೆ ನಾಟಕದ ಮೇಷ್ಟ್ರು ಒಂದು ಚೀಟಿ ಬರೆದು ಕಳಿಸುತ್ತಾರೆ: 'ನಮ್ಮೂರಲ್ಲಿ ಕರ್ಣ ಹೋದ.' ಹೆಚ್ಚು ಚೀಟಿ ಯಾವ ಕಡೆಗೋ, ಮುಂದಿನ ವರ್ಷದ ನಾಟಕ ಅಲ್ಲಿಂದ ಶುರು. ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು.

ನಾವು ಆಡುವುದು ಹೆಚ್ಚುಕಡಿಮೆ ಹೀಗೇ. ಒಬ್ಬರು ಜಿಎಂ, ಅಂದರೆ ಆಟ ನಡೆಸುವವರು. ಉಳಿದವರಿಗೆ ಒಂದೊಂದು ಪಾತ್ರ, ಕೈಯಲ್ಲಿ ಡೈಸ್. ನಾವು ಆಡುವುದು 2008ರಲ್ಲಿ ಶುರುವಾದ ಪಾತ್‌ಫೈಂಡರ್ ಸೊಸೈಟಿ, ಅಂದರೆ ಹಲವು ದೇಶಗಳ ಟೇಬಲ್‌ಗಳು ಒಂದೇ ಕಥೆ ಆಡುವ ಕೂಟ. ಅದರಲ್ಲಿ ಒಂದೊಂದು ಸಿನಾರಿಯೋ, ಅಂದರೆ ಕಥೆಯ ಒಂದು ಕಂತು, ನಾಲ್ಕೈದು ಗಂಟೆಯದು. ಜಿಎಂ ತುಂಬುವ ರಿಪೋರ್ಟ್ ಶೀಟಿನಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಪುಟ್ಟ ಚೌಕಗಳಿರುತ್ತವೆ. ಇಂಥವನನ್ನು ಉಳಿಸಿದರೆ ಎ, ಇಂಥ ವಸ್ತು ಕೈತಪ್ಪಿದರೆ ಬಿ, ಹೀಗೆ. ಕಥೆ ಬರೆಯುವವರ ಕಡೆ ಹೋಗುವ ನಮ್ಮ ಚೀಟಿ ಅದೇ.

ಒಂದು ಭಾನುವಾರ ನಮ್ಮ ಕೈಗೆ ಒಬ್ಬ ಸೆರೆಯಾಳು ಸಿಕ್ಕಿದ್ದ. ಮೂವರು ಅವನನ್ನು ಕಾವಲಿನವರಿಗೆ ಒಪ್ಪಿಸೋಣ ಎಂದರು. ಕಾಲೇಜು ಹುಡುಗಿಯೊಬ್ಬಳು ಒಪ್ಪಲೇ ಇಲ್ಲ. 'ಮಾತು ಕೊಟ್ಟು ಬಾಗಿಲು ತೆಗೆಸಿದ್ದು ನಾವು. ಈಗ ಒಪ್ಪಿಸಿದರೆ ನಮ್ಮ ಮಾತಿಗೇನು ಬೆಲೆ?' ಮುಕ್ಕಾಲು ಗಂಟೆ ಯಾರೂ ಡೈಸ್ ಮುಟ್ಟಲಿಲ್ಲ. ಕೊನೆಗೆ ಅವನನ್ನು ಬಿಟ್ಟೆವು. ಶೀಟಿನಲ್ಲಿ ಗುರುತು ಹಾಕುವಾಗ ನಾಲ್ಕೂ ಜನ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ನಮ್ಮೊಂದು ಗುರುತಿನಿಂದ ಕಥೆ ತಿರುಗಿತು ಎನ್ನುವುದಿಲ್ಲ. ಆದರೆ ಲೆಕ್ಕಕ್ಕೆ ಸೇರಿತು.

ಇಷ್ಟೇನಾ ಎನ್ನುವವರಿಗೆ ಕಾರಣ ಹೇಳಬೇಕು. ಮೈಸೂರಲ್ಲಿ ಆಡಿದ ಪಾತ್ರವನ್ನೇ ಹಿಡಿದುಕೊಂಡು ಹೋಗಿ ನಾಳೆ ಬೇರೆ ದೇಶದ ಟೇಬಲ್‌ನಲ್ಲಿ ಕೂರಬಹುದು. ನಾವಿಲ್ಲಿ ಸುಟ್ಟ ಪಟ್ಟಣ ಅಲ್ಲಿ ನಿಂತಿದ್ದರೆ ಆಟ ಹೇಗೆ ಹೊಂದಬೇಕು? ಅದಕ್ಕೇ ದೊಡ್ಡ ತಿರುವುಗಳನ್ನು ಒಂದೇ ಕಡೆ ಹಿಡಿದಿಡುತ್ತಾರೆ. ನಮ್ಮ ಪಾತ್ರಕ್ಕೆ ಏನಾಯಿತು ಎಂಬುದು ಕ್ರಾನಿಕಲ್ ಶೀಟ್ ಎಂಬ ಹಾಳೆಯಲ್ಲಿ ಪಾತ್ರದ ಜೊತೆಗೇ ಹೋಗುತ್ತದೆ.

ಆಟಗಾರರ ಕೈ ಇನ್ನೂ ಉದ್ದವಿದ್ದ ಕಾಲವೂ ಇತ್ತು. 2000ದಿಂದ 2008ರವರೆಗೆ ನಡೆದ ಲಿವಿಂಗ್ ಗ್ರೇಹಾಕ್ ಎಂಬ ಇಂಥದೇ ಇನ್ನೊಂದು ಆಟದ ಕೂಟದಲ್ಲಿ ಕಥೆಯ ರಾಜ್ಯಗಳನ್ನು ನಿಜವಾದ ಸೀಮೆಗಳಿಗೆ ಹಂಚಿದ್ದರು. ಆನ್‌ವಾಲ್ ಎಂಬ ರಾಜ್ಯ ಬ್ರಿಟನ್ನಿನವರದು. ಒಂದೊಂದು ಸೀಮೆಗೆ ಮೂವರು ಸ್ವಯಂಸೇವಕರು ಕಥೆ ನೋಡಿಕೊಳ್ಳುತ್ತಿದ್ದರು, ಅವರನ್ನು ಟ್ರಯಡ್ ಎನ್ನುತ್ತಿದ್ದರು. ಬರೆಯುವವರೂ ಆಡುವವರೂ ಒಂದೇ ಸೀಮೆಯವರಾದ್ದರಿಂದ, ನಿಮ್ಮ ಟೇಬಲ್‌ನಲ್ಲಿ ಆದದ್ದು ಅವರ ಕಿವಿಗೆ ಬೀಳುತ್ತಿತ್ತು. ನನಗೆ ಅದೇ ಸರಿಯಾದ ದಾರಿ ಎನಿಸುತ್ತದೆ. ಕಾವೇರಿ ಸೀಮೆಗೆ ಅಂಥದೊಂದು ರಾಜ್ಯ ಸಿಕ್ಕಿದ್ದರೆ ಎಂದು ಎಷ್ಟೋ ಸಲ ಆಸೆಪಟ್ಟಿದ್ದೇನೆ.

ನನಗೆ ನಿಜಕ್ಕೂ ನೋವಾಗುವುದು ಬೇರೆ ವಿಷಯಕ್ಕೆ. ಹಿಂದೊಮ್ಮೆ ಬೇರೆ ಊರಿನ ಟೇಬಲ್‌ನಲ್ಲಿ ರಾತ್ರಿ ಹತ್ತರವರೆಗೆ ಆಡಿ, ನಮ್ಮಲ್ಲೊಬ್ಬರು ತಮ್ಮ ಎರಡು ವರ್ಷದ ಪಾತ್ರವನ್ನೇ ಬಲಿಕೊಟ್ಟು ಒಂದು ಹಳ್ಳಿಯನ್ನು ಉಳಿಸಿದೆವು. ತಿಂಗಳುಗಳ ಮೇಲೆ ವಿಚಾರಿಸಿದರೆ, ಆ ದಿನದ ರಿಪೋರ್ಟ್ ಹೋಗಿಯೇ ಇರಲಿಲ್ಲ. ಕಥೆಯ ಲೆಕ್ಕದಲ್ಲಿ ನಾವು ಆ ರಾತ್ರಿ ಆಡಿಯೇ ಇಲ್ಲ. ಇದನ್ನು ಅವರಿಗೆ ಹೇಳಲು ನನಗೆ ವಾರ ಹಿಡಿಯಿತು.

ಅಂದಿನಿಂದ ನಮ್ಮ ಮಹಡಿಯಲ್ಲಿ ಒಂದು ರೂಢಿ. ಡೈಸ್ ಡಬ್ಬಿಗೆ ಹಾಕುವ ಮೊದಲು ನಾಲ್ಕು ಚೌಕಗಳನ್ನೂ ಜೋರಾಗಿ ಓದುತ್ತೇನೆ, ಎಲ್ಲರ ಎದುರೇ ಗುರುತು ಹಾಕುತ್ತೇನೆ, ಅಂದೇ ರಾತ್ರಿ ಕಳಿಸುತ್ತೇನೆ. ನೀವು ಎಲ್ಲೇ ಆಡಿ, ಏಳುವ ಮೊದಲು ನಿಮ್ಮ ಜಿಎಂ ಅವರನ್ನು ಕೇಳಿ: ಯಾವ ಚೌಕಕ್ಕೆ ಗುರುತು ಹಾಕಿದಿರಿ, ಯಾವಾಗ ಕಳಿಸುತ್ತೀರಿ?