ಖಂಡ ಬೇಡ, 49 ಹೆಕ್ಸ್ ಸಾಕು

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಫ್ಯಾಂಟಸಿ ಆಟಕ್ಕೆ ಲೋಕ ಬೇಕೆಂದಾಗ ಹೆಚ್ಚಿನ ಡಿಎಂಗಳ (ಡಂಜನ್ ಮಾಸ್ಟರ್, ಅಂದರೆ ಆಟ ನಡೆಸುವವರ) ಕೈ ಹೋಗುವುದು ಫರ್ಗಾಟನ್ ರೆಲ್ಮ್ಸ್ ಎಂಬ ಸಿದ್ಧ ಲೋಕದ ಕಡೆಗೆ. 1987ರಿಂದ ಬೆಳೆಯುತ್ತಲೇ ಬಂದ ಆ ಲೋಕದಲ್ಲಿ ಇಲ್ಲದ್ದಿಲ್ಲ, ತೊಂದರೆಯೂ ಅದೇ. ದೇವರುಗಳು ಭೂಮಿಗಿಳಿದು ಓಡಾಡುತ್ತಾರೆ. ಎಲ್‌ಮಿನ್‌ಸ್ಟರನಂಥ ಮಂತ್ರವಾದಿ ಇರುವಾಗ ಮೂರನೇ ಲೆವೆಲ್ಲಿನ ನಾವು ನಾಲ್ವರು ಊರು ಉಳಿಸುವ ದರ್ದೇನು ಎಂದು ಆಟಗಾರರೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ.

ನನಗೆ ಹಿಡಿಸುವುದು ಏನೋ ಒಂದು ಕೊರತೆಯಿರುವ ಲೋಕ. 1991ರ ಡಾರ್ಕ್ ಸನ್‌ನಲ್ಲಿ ಲೋಹ ಅಪರೂಪ, ನೀರೂ ಅಪರೂಪ, ದೇವರಂತೂ ಇಲ್ಲವೇ ಇಲ್ಲ. ಇಷ್ಟು ಹೇಳಿದರೆ ಸಾಕು, ಆಟಗಾರ ಮೂಳೆಯ ಕತ್ತಿ ಹಿಡಿದು ನೀರಿನ ಲೆಕ್ಕ ಹಾಕಲು ಶುರುಮಾಡುತ್ತಾನೆ. 2004ರ ಎಬೆರಾನ್‌ನಲ್ಲಿ ದೇವರಿದ್ದಾನೋ ಇಲ್ಲವೋ ಯಾರಿಗೂ ಖಾತ್ರಿಯಿಲ್ಲ. ಹಾಗಾಗಿ ಪೂಜಾರಿ ಕಳ್ಳನೂ ಆಗಿರಬಹುದು.

ಹಾಸನ, ಚಿಕ್ಕಮಗಳೂರಿನವರಿಗೆ ಇಂಥ ಲೋಕ ಕಾಲಬುಡದಲ್ಲೇ ಇದೆ. ಇಲ್ಲಿ ಕೊರತೆ ನೀರಿನದಲ್ಲ, ದಾರಿಯದು.

ಮೊದಲು ಅಳತೆ. ಆಟದ 2014ರ ಐದನೇ ಆವೃತ್ತಿಯಲ್ಲಿ ಸಾಧಾರಣ ನಡಿಗೆ ದಿನಕ್ಕೆ 24 ಮೈಲಿ, ಅಂದರೆ ಸುಮಾರು 39 ಕಿ.ಮೀ. ಹಾಸನದಿಂದ ಬೇಲೂರು ಹೆಚ್ಚುಕಡಿಮೆ ಅಷ್ಟೇ ದೂರ. ನಕ್ಷೆಯನ್ನು ಹೆಕ್ಸ್ ಎಂಬ ಆರುಮೂಲೆಯ ಮನೆಗಳಾಗಿ ಹಂಚಿ, ಹೆಕ್ಸಿಗೆ 6 ಮೈಲಿಯಂತೆ ಏಳಕ್ಕೆ ಏಳರ ಚೌಕ ಬರೆದರೆ ಸಕಲೇಶಪುರ, ಮುಳ್ಳಯ್ಯನಗಿರಿ, ಹಳೇಬೀಡು, ಅರಸೀಕೆರೆ ನಾಲ್ಕೂ ಅದರೊಳಗೆ ಬೀಳುತ್ತವೆ. ಒಂದೇ ಹಾಳೆಯಲ್ಲಿ ಮಲೆನಾಡೂ ಬಯಲುಸೀಮೆಯೂ. ಕಾಡು, ಗುಡ್ಡದಲ್ಲಿ ನಡಿಗೆ ಅರ್ಧಕ್ಕಿಳಿಯುತ್ತದೆ, ದಿನಕ್ಕೆ ಎರಡೇ ಹೆಕ್ಸ್. ಒಂದು ವರ್ಷದ ಕ್ಯಾಂಪೇನಿಗೆ, ಅಂದರೆ ಒಂದೇ ಕಥೆಯಾಗಿ ಮುಂದುವರಿಯುವ ಆಟಕ್ಕೆ, ಇದು ಧಾರಾಳವಾಯಿತು.

ಕಾಲಗಣನೆಗೆ ಹೊಸ ತಿಂಗಳ ಹೆಸರು ಹುಟ್ಟಿಸುವ ಗೋಜು ಬೇಡ, ಮಳೆ ನಕ್ಷತ್ರಗಳಿವೆ. ಒಂದೊಂದಕ್ಕೆ 13–14 ದಿನ. ದಿನ ಬೆಳಗ್ಗೆ ಒಂದು ಆರುಮುಖದ ಡೈಸ್ ಉರುಳಿಸಿ. ಪುನರ್ವಸು, ಪುಷ್ಯ ಮಳೆಯಲ್ಲಿ ಮಲೆನಾಡಿನ ಹೆಕ್ಸಿಗೆ 1ರಿಂದ 4 ಬಿದ್ದರೆ ಹೊಳೆ ದಾಟುವಂತಿಲ್ಲ. ಮಖೆ ಮಳೆಯ ಹೊತ್ತಿಗೆ 1 ಅಥವಾ 2 ಬಿದ್ದರೆ ಮಾತ್ರ. ಅರಸೀಕೆರೆ ಕಡೆ ಡೈಸೇ ಬೇಡ, ಅಲ್ಲಿ ಮುಗಿಲು ನೋಡುತ್ತ ಕೂತಿರುತ್ತಾರೆ. ಜೋರು ಮಳೆ ತೆರೆದ ಬೆಂಕಿಯನ್ನು ಆರಿಸುತ್ತದೆ, ಕಣ್ಣು ಕಿವಿಯಿಂದ ಪತ್ತೆಹಚ್ಚುವ ಪರೀಕ್ಷೆಗಳಿಗೆ ಎರಡು ಡೈಸ್ ಉರುಳಿಸಿ ಕಡಿಮೆ ಬಿದ್ದದ್ದೇ ಲೆಕ್ಕ ಎಂದು ನಿಯಮದಲ್ಲೇ ಇದೆ. ಎಷ್ಟೋ ಡಿಎಂಗಳು ಅದನ್ನು ಮರೆತುಬಿಡುತ್ತಾರೆ. ಪಂಜು ಆರಿದ ಮೇಲೆ ಶೋಲಾ ಕಾಡಿನಲ್ಲಿ ರಾಕ್ಷಸನೇ ಬೇಕಿಲ್ಲ, ಇಂಬಳ ಸಾಕು.

ದುಡ್ಡಿಗೆ ಚಿನ್ನದ ನಾಣ್ಯ ಎನ್ನುವ ಬದಲು ಗದ್ಯಾಣ ಅನ್ನಿ, ಹತ್ತು ಪಣಕ್ಕೊಂದು. ಘಟ್ಟದ ಬಾಯಲ್ಲಿ ಸುಂಕದ ಕಟ್ಟೆ ಇಡಿ, ಹೇರಿಗೆ ಒಂದು ಪಣ. ಹೊಳೆ ದಾರಿ ಕಟ್ಟಿದಾಗ ಸುಂಕ ಕೊಡಬೇಕೋ, ಕಳ್ಳದಾರಿ ಹಿಡಿಯಬೇಕೋ ಎಂಬ ಚರ್ಚೆಯಲ್ಲೇ ಮೂರು ತಾಸಿನ ಸೆಷನ್ ಮುಗಿಯುವುದುಂಟು.

ಕೆಡುವುದು ಎಲ್ಲಿ? ಮೊದಲನೆಯದು, ಇದ್ದ ಊರು, ಇದ್ದ ದೇವಸ್ಥಾನವನ್ನು ಅದೇ ಹೆಸರಿನಲ್ಲಿ ಇಡುವುದು. ಬೇಲೂರು ದೇಗುಲ 1117ರದ್ದು ಎಂದು ಡಿಎಂ ಗೈಡ್‌ನಂತೆ ಒಪ್ಪಿಸತೊಡಗಿದರೆ ಆಟ ಪ್ರವಾಸವಾಗುತ್ತದೆ. ಭೂಗೋಳ ಇಟ್ಟುಕೊಳ್ಳಿ, ಹೆಸರು ಬದಲಿಸಿ. ಮನೆಯಲ್ಲಿ ಪೂಜಿಸುವ ದೇವರಿಗೆ ಹಿಟ್ ಪಾಯಿಂಟ್ (ಎಷ್ಟು ಪೆಟ್ಟು ತಾಳಬಲ್ಲದೆಂಬ ಅಂಕ) ಬರೆಯಲೇಬೇಡಿ. ಮೇಜಿನ ಸುತ್ತ ಒಬ್ಬರಿಗಾದರೂ ಮುಜುಗರ ತಪ್ಪಿದ್ದಲ್ಲ.

ಇನ್ನೊಂದು ತಪ್ಪು ಗರುಡರ ವಿಷಯದಲ್ಲಿ. ದೊರೆ ಸತ್ತರೆ ತಾವೂ ಪ್ರಾಣ ಬಿಡುವ ವ್ರತ ತೊಟ್ಟ ಹೊಯ್ಸಳರ ಅಂಗರಕ್ಷಕರು ಇವರು. ಹಳೇಬೀಡಿನಲ್ಲಿ ಅವರ ಕಂಬ ಇಂದಿಗೂ ನಿಂತಿದೆ. ಕೇಳಿದ್ದೇ ತಡ, ಆಟಗಾರರಿಗೆ ಆ ಪಾತ್ರ ಬೇಕೆನಿಸುತ್ತದೆ. ಕೊಡಬೇಡಿ. ಆರನೇ ಸೆಷನ್ನಿನಲ್ಲಿ ದೊರೆ ಸತ್ತರೆ ಆಟಗಾರ ಕ್ಯಾರೆಕ್ಟರ್ ಕಳೆದುಕೊಳ್ಳುತ್ತಾನೆ, ಇಲ್ಲವೇ ವ್ರತ ಸುಳ್ಳಾಗುತ್ತದೆ. ಆ ವ್ರತ ಡಿಎಂ ಆಡಿಸುವ ಪಾತ್ರಕ್ಕಿರಲಿ. ಆ ಗರುಡನನ್ನು ಸಾಯದಂತೆ ತಡೆಯುವ ಕೆಲಸ ಆಟಗಾರರಿಗೆ ಬೀಳಲಿ.