ಬಕ್ಕೆ ಹಲಸಿನ ತಿರುವು

ನವೆಂಬರ್ 16, 2025, ಭಾನುವಾರ ರಾತ್ರಿ
ಶಿವಮೊಗ್ಗ

ದೊಡ್ಡಮ್ಮನನ್ನು ಕಾರ್ಕಳದಲ್ಲಿ ಅಕ್ಕನ ಮನೆಗೆ ಬಿಟ್ಟು ಈಗಷ್ಟೇ ಬಂದೆ. ಸೊಂಟ ಬಿದ್ದುಹೋಗಿದೆ, ಆದರೂ ನಿದ್ದೆ ಬರುತ್ತಿಲ್ಲ. ಒಂದು ತಿರುವು ಕಣ್ಣ ಮುಂದಿನಿಂದ ಹೋಗುತ್ತಲೇ ಇಲ್ಲ.

ಕಾರ್ಕಳಕ್ಕೆ ನಾನು ಯಾವಾಗಲೂ ಆಗುಂಬೆ ಘಾಟಿ ಇಳಿದು ಹೆಬ್ರಿ ಮೇಲೆ ಹೋಗುವುದು. ಈ ಸಲ ದೊಡ್ಡಮ್ಮ ಹಟ ಹಿಡಿದಳು. "ಶೃಂಗೇರಿ ಮೇಲೆ ಹೋಗಣ ಪುಟ್ಟೀ, ಕೆರೆಕಟ್ಟೆ ದಾರೀಲಿ." ಶಾರದಮ್ಮನ ದರ್ಶನ ಆಗಬೇಕೇನೋ ಅಂದುಕೊಂಡೆ. ನನಗೂ ಖುಷಿಯೇ. ಕುದುರೆಮುಖದ ಕಾಡಿನ ದಾರಿ ಅಂದರೆ ನನಗೆ ಎಷ್ಟು ಇಷ್ಟ ಅಂತ ನಿಮಗೆಲ್ಲ ಗೊತ್ತಲ್ಲ. ಮಳೆ ಮುಗಿದು, ಗುಡ್ಡದ ನೆತ್ತಿಯ ಹುಲ್ಲು ಆಗಷ್ಟೇ ಹೊಂಬಣ್ಣಕ್ಕೆ ತಿರುಗುತ್ತಿರುತ್ತದೆ. ಕೆಳಗಿನ ಮಡಿಕೆಗಳಲ್ಲಿ ಶೋಲಾ ಕಾಡು ಕಪ್ಪಗೆ, ಒತ್ತಾಗಿ ಕೂತಿರುತ್ತದೆ.

ಶೃಂಗೇರಿಯಲ್ಲಿ ಗುಡಿಗೆ ಹೋಗೋಣ ಅಂದರೆ "ಬರುವಾಗ ನೋಡುವ" ಅಂದುಬಿಟ್ಟಳು. ಆಗಲೇ ನನಗೆ ಹೊಳೆಯಬೇಕಿತ್ತು.

ನೆಮ್ಮಾರು ದಾಟಿದ ಮೇಲೆ ತುಂಗೆ ರಸ್ತೆಯ ಜೊತೆಗೇ ಬರುತ್ತಾಳೆ. ನಮ್ಮ ಮನೆಯ ನಲ್ಲಿಯಲ್ಲಿ ಬರುವ ಅದೇ ನೀರು, ಇಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುವ ಒಂದು ಹಳ್ಳ. ತನಿಕೋಡಿನ ಅರಣ್ಯ ಇಲಾಖೆ ಗೇಟಿನಲ್ಲಿ ಗಾಡಿ ನಂಬರು, ಒಳಗೆ ಹೋದ ಹೊತ್ತು ಬರೆದು ಚೀಟಿ ಕೊಟ್ಟರು. ನಾನು ಎಂದಿನ ಹಾಗೆ ಗಾಡಿಯಲ್ಲಿ ಹಾಕಿದ್ದ ಪಾಡ್ದನ, ಅಂದರೆ ತುಳು ಜನಪದ ಹಾಡು, ಬಂದ್ ಮಾಡಿದೆ, ಕಿಟಕಿ ಅರ್ಧ ಇಳಿಸಿದೆ, ನಿಧಾನಕ್ಕೆ ಹೊರಟೆ.

ಕಾಡಿನ ರಸ್ತೆಯ ವಿಷಯದಲ್ಲಿ ನಾನು ಗಟ್ಟಿ. ಹಾರನ್ ಇಲ್ಲ, ನಿಲ್ಲಿಸುವುದಿಲ್ಲ, ಇಳಿಯುವುದಿಲ್ಲ, ತಿನ್ನುವುದನ್ನು ಹೊರಗೆ ಎಸೆಯುವುದಿಲ್ಲ. ಬಂಡೀಪುರದ ರಸ್ತೆಯನ್ನು ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಲು ಶುರು ಮಾಡಿದ್ದು 2009ರಲ್ಲಿ. ಅದನ್ನು ತೆಗೆಯಿರಿ ಅಂತ ಯಾರಾದರೂ ಹೇಳಿದರೆ ಈಗಲೂ ಜಗಳಕ್ಕೆ ನಿಲ್ಲುತ್ತೇನೆ. ಆಗುಂಬೆ ಘಾಟಿಯಲ್ಲಿ ಸಿಂಗಳೀಕಗಳು ಬಿಸ್ಕತ್ತಿಗೆ ಕೈಚಾಚಿ ರಸ್ತೆ ಬದಿ ಕೂರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮರದ ತುದಿ ಬಿಟ್ಟು ಕೆಳಗೆ ಇಳಿಯುವುದೇ ಅಪರೂಪವಾಗಿದ್ದ ಜೀವ ಅದು. ಪಶ್ಚಿಮ ಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲ. ನಾವು ಎರಡು ನಿಮಿಷ ಗಾಡಿ ನಿಲ್ಲಿಸಿದ್ದಕ್ಕೇ ಅದು ಟಾರು ರಸ್ತೆಗೆ ಬಂದಿದ್ದು, ಚಕ್ರಕ್ಕೆ ಸಿಕ್ಕಿದ್ದು.

ಆ ಎರಡು ನಿಮಿಷವನ್ನೇ ದೊಡ್ಡಮ್ಮ ಕೇಳಿದಳು.

ಕೆರೆಕಟ್ಟೆ ದಾಟಿ ಸ್ವಲ್ಪ ಮುಂದೆ. ಅಲ್ಲಿಯವರೆಗೆ ಕಣ್ಣು ಮುಚ್ಚಿ ಕೂತಿದ್ದವಳು ಎದ್ದು ಕಿಟಕಿ ಹಿಡಿದುಕೊಂಡಳು. "ಪುಟ್ಟೀ, ಆ ತಿರುವಲ್ಲಿ ಒಂಚೂರು ನಿಲ್ಸು."

"ಇಲ್ಲಿ ನಿಲ್ಲಿಸುವ ಹಾಗಿಲ್ಲ ದೊಡ್ಡಮ್ಮ."

"ಇಳಿಯೋದಿಲ್ಲ ಮಾರಾಯ್ತಿ. ಕಿಟಕಿಯಿಂದಲೇ ನೋಡ್ತೇನೆ. ಎರಡು ನಿಮಿಷ."

"ಹಿಂದೆ ಗಾಡಿ ಇದೆ" ಅಂದೆ.

ಹಿಂದೆ ಯಾವ ಗಾಡಿಯೂ ಇರಲಿಲ್ಲ.

ತಿರುವು ದಾಟಿತು. ಅವಳು ಕುತ್ತಿಗೆ ತಿರುಗಿಸಿ ಆದಷ್ಟು ಹೊತ್ತು ಹಿಂದೆ ನೋಡಿದಳು. ಆಮೇಲೆ ಸೀದಾ ಕೂತು, ಸೆರಗು ಸರಿ ಮಾಡಿಕೊಂಡು, "ಬಕ್ಕೆ ಹಲಸು ಇದೆ. ಮೇಲಿನ ಕೊಂಬೆ ಒಣಗಿದೆ, ಆದ್ರೆ ಇದೆ" ಅಂದಳು.

ಆಗ ಗೊತ್ತಾಯಿತು. ದೊಡ್ಡಮ್ಮನವರು ಕಾಡಿನೊಳಗೆ ಬಿಟ್ಟು ಬಂದ ಹಳೆಯ ಮನೆಗೆ ಇಳಿಯುವ ಕಾಲುದಾರಿ ಅದೇ ತಿರುವಿನಲ್ಲಿತ್ತು. ಚಿಕ್ಕವಳಿದ್ದಾಗ ಎರಡು ಸಲ ಹೋಗಿದ್ದೆ. ನನಗೆ ನೆನಪಿರುವುದು ಕಾಲಿಗೆ ಹತ್ತಿದ ಉಂಬಳ, ಸುಣ್ಣ ಹಚ್ಚಿ ಅದನ್ನು ಬಿಡಿಸಿದ ದೊಡ್ಡಪ್ಪನ ಕೈ, ಲಾಟೀನಿನ ಬೆಳಕು. ಜಾಗ ನೆನಪಿರಲಿಲ್ಲ. ಅಷ್ಟು ಸಲ ಈ ದಾರಿಯಲ್ಲಿ ಓಡಾಡಿದ್ದೇನೆ, ಒಂದು ಸಲವೂ ಕೇಳಿಲ್ಲ.

ಆಮೇಲೆ ಅವಳಾಗೇ ಹೇಳಿದಳು. ಆ ಹಲಸು ಅವಳು ಮದುವೆಯಾಗಿ ಬಂದ ವರ್ಷ ನೆಟ್ಟದ್ದು. "ಮನೆ ಬಿದ್ದುಹೋಗಿರ್ತದೆ. ಬಾವಿ ಮುಚ್ಚಿರ್ತದೆ. ದಾಸವಾಳ ಮಾತ್ರ ಇರ್ತದೆ ನೋಡು. ಕಾಡೊಳಗೆ ಕೆಂಪು ದಾಸವಾಳ ಕಂಡ್ರೆ ಅಲ್ಲೊಂದು ಅಂಗಳ ಇತ್ತು ಅಂತ ಲೆಕ್ಕ."

"ಬಿಟ್ಟು ಬಂದಿದ್ದಕ್ಕೆ ಬೇಜಾರಿದೆಯಾ?" ಅಂದೆ. ಕೇಳಬಾರದಿತ್ತೇನೋ.

"ಎಂತ ಬೇಜಾರು? ಯಾರೂ ಎಳ್ದು ಹಾಕ್ಲಿಲ್ಲ. ದುಡ್ಡು ತಗೊಂಡು ನಾವಾಗೇ ಬಂದ್ವಿ. ನಾಟಿ ಮಾಡಿದ್ದು ನಾವು, ತಿಂದಿದ್ದು ಕಾಟಿ, ಕಾಡುಕೋಣ. ನಿನ್ನ ದೊಡ್ಡಪ್ಪ ಚಳೀಲಿ ಡಬ್ಬ ಬಡೀತಾ ಕೂತು ಕೂತೇ ಕೆಮ್ಮು ಹತ್ತಿಸಿಕೊಂಡ್ರು. ನಿನ್ನ ಅಕ್ಕ ಹುಟ್ಟುವಾಗ ನನ್ನ ಕುರ್ಚಿಗೆ ಕಟ್ಟಿ, ಬಿದಿರಲ್ಲಿ ಹೊತ್ತು ಇದೇ ರಸ್ತೆವರೆಗೆ ತಂದದ್ದು. ಆಟಿ ಮಳೆ. ಅಲ್ಲಿಗೆ ವಾಪಸ್ ಹೋಗು ಅಂದ್ರೆ ನಾನು ಒಲ್ಲೆ." ಸ್ವಲ್ಪ ಹೊತ್ತು ಬಿಟ್ಟು, "ನೋಡಬೇಕು ಅನ್ಸೋದು ಬೇರೆ ಅಲ್ವಾ" ಅಂದಳು.

ನಾನು ಗೇರ್ ಬದಲಿಸಿದೆ, ಮಾತಾಡಲಿಲ್ಲ.

ಕಳೆದ ವರ್ಷ ಭದ್ರಾ ಸಫಾರಿಗೆ ಹೋಗಿದ್ದು ನೆನಪಾಯಿತು. ಕಾಡಿನ ನಡುವೆ ಒಂದು ದೊಡ್ಡ ಬಯಲು, ಬೆಳಗಿನ ಬಿಸಿಲಲ್ಲಿ ಕಾಟಿಗಳ ಹಿಂಡು. ಜೀಪಿನವರು "ಇಲ್ಲಿ ಮೊದಲು ಊರಿತ್ತು, ಇದೆಲ್ಲ ಗದ್ದೆ" ಅಂದರು. ಅಲ್ಲಿನವರೆಲ್ಲ 2002ರ ಹೊತ್ತಿಗೆ ಕಾಡಿನ ಹೊರಗಿನ ಎಂ.ಸಿ. ಹಳ್ಳಿ ಕಡೆ ಹೋದರು. ಗದ್ದೆ ಹುಲ್ಲಾಯಿತು, ಹುಲ್ಲಿಗೆ ಜಿಂಕೆ, ಕಾಟಿ ಬಂದವು. ಒಳ್ಳೆಯದೇ ಆಯಿತು. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಆವತ್ತು ನಾನು ಫೋಟೋ ತೆಗೆದು, ಹಾಕಿ, ಎಷ್ಟು ಚಂದದ ಜಾಗ ಅಂತ ಬರೆದೆ. ಯಾರದೋ ಗದ್ದೆಯ ಬದುವಿನ ಮೇಲೆ ನಿಂತಿದ್ದ ಜೀಪಿನಲ್ಲಿ ಕೂತು.

ಇನ್ನೊಂದು. ಕುದುರೆಮುಖ ರಾಷ್ಟ್ರೀಯ ಉದ್ಯಾನ ಅಂತ ಪ್ರಕಟವಾಗಿದ್ದು 1987ರಲ್ಲಿ. ಗುಡ್ಡದ ಆ ಬದಿ ಅದಿರು ತೆಗೆಯುವುದು ನಿಂತಿದ್ದು 2005ರ ಕೊನೆಗೆ, ಅದೂ ಸುಪ್ರೀಂ ಕೋರ್ಟು ಹೇಳಿದ ಮೇಲೆ. ನಡುವಿನ ಅಷ್ಟೂ ವರ್ಷ ಅದಿರು ನೀರಿನಲ್ಲಿ ಕಲಸಿಕೊಂಡು ಪೈಪಿನಲ್ಲಿ ಮಂಗಳೂರಿಗೆ ಹೋಗುತ್ತಲೇ ಇತ್ತು. ಈ ಬದಿ ಒಂದು ಲಾಟೀನು, ಒಂದು ಹಲಸು, ಅರ್ಧ ಎಕರೆ ಗದ್ದೆ ಇದ್ದ ಮನೆಗೆ ಮಾತ್ರ ಕಾಡಿನ ಕಾನೂನು ಬಂದಿತ್ತು. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ನನಗೆ ಕೂರಲು ಆಗುವುದಿಲ್ಲ.

ಎಸ್.ಕೆ. ಬಾರ್ಡರ್, ಅಂದರೆ ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ, ಬಂತು. ಎಡಕ್ಕೆ ಕುದುರೆಮುಖ, ಕಳಸ. ಮಾಮೂಲಾಗಿ ಆ ಕಡೆ ಒಂದು ಸುತ್ತು ಹೋಗಿಬರುವ ಆಸೆ ಆಗುತ್ತದೆ. ಇವತ್ತು ಸುಮ್ನೆ ಘಾಟಿ ಇಳಿದೆ.

ಮಾಳದ ಕಡೆಯ ಗೇಟಿನಲ್ಲಿ ಚೀಟಿ ಕೊಟ್ಟೆ. ಗಾರ್ಡ್ ಹುಡುಗ ಒಳಗೆ ಬಗ್ಗಿ ನೋಡಿ ಕೇಳಿದ, "ಎಲ್ಲೂ ನಿಲ್ಲಿಸಲಿಲ್ಲ ಅಲ್ವಾ ಮೇಡಂ?"

ನಾನು ಬಾಯಿ ತೆಗೆಯುವ ಮೊದಲೇ ದೊಡ್ಡಮ್ಮ ಅಂದಳು. "ಇಲ್ಲಪ್ಪ. ನಮ್ಮ ಹುಡುಗಿ ನಿಲ್ಸೋದೇ ಇಲ್ಲ." ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಹೆಮ್ಮೆ ಇತ್ತು.

ಅಕ್ಕನ ಮನೆಯಲ್ಲಿ ನೀರುದೋಸೆ, ಪಾಪು ಮಡಿಲಲ್ಲಿ, ಎಲ್ಲ ಚೆನ್ನಾಗಿತ್ತು. ದೊಡ್ಡಮ್ಮ ಆ ವಿಷಯ ಎತ್ತಲೇ ಇಲ್ಲ. ವಾಪಸ್ ಬರುವಾಗ ನಾನು ಆಗುಂಬೆ ಹತ್ತಿಯೇ ಬಂದೆ. ಆ ದಾರಿಯಲ್ಲಿ ಒಬ್ಬಳೇ ಬರಲು ಮನಸ್ಸಾಗಲಿಲ್ಲ.

ಬರುವ ಭಾನುವಾರ ಅವಳನ್ನು ಕರೆದುಕೊಂಡು ಬರಬೇಕು. ಗೇಟಿನಲ್ಲೇ ಮೊದಲು ಹೇಳಿ ಕೇಳಿದರೆ, ಇಂಥ ತಿರುವು, ಇಂಥವರ ಮನೆ ಇತ್ತು, ಗಾಡಿಯಿಂದ ಇಳಿಯುವುದಿಲ್ಲ ಅಂದರೆ, ಅವರೂ ಮನುಷ್ಯರೇ, ಒಬ್ಬರನ್ನು ಜೊತೆಗೆ ಕಳಿಸಬಹುದು. ಆದರೆ ಅಲ್ಲಿದ್ದ ಪ್ರತಿ ಮನೆಯವರೂ ಹೀಗೇ ಕೇಳಿದರೆ? ಅಥವಾ ಅವರು ಬೇಡ ಅಂದರೆ, ಮತ್ತೆ ಅದೇ ತಿರುವಿನಲ್ಲಿ ನಾನು